ಒಳಗಿನ ಗಡ್ಡ

ಬಟ್ಟಲಲ್ಲಿ ಸೋಪು ಕಲಸುತ್ತಿದ್ದವನು ಬ್ರಶ್ಶು ನಿಲ್ಲಿಸಿ, ಬಿಸಿನೀರಿಗೆ ಕಿರುಬೆರಳು ಅದ್ದಿ ನೋಡಿದ. ಸುಡುತ್ತಿತ್ತು.

"ಅತ್ತಿಗೆ, ಒಂದು ಲೋಟ ತಣ್ಣೀರು ಬೆರೆಸ್ಬೇಕಿತ್ತು," ಎಂದ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಮಂಚದ ಮೇಲೆ ಮಲಗಿದ್ದವನಿಗೆ ಇನ್ನು ಬಿಸಿಯೇನು, ತಣ್ಣಗೇನು. ಆದರೂ ಅತ್ತಿಗೆ ಒಳಗೆ ಹೋಗಿ ನೀರು ತಂದು ಬೆರೆಸಿದಳು. ಅವನೂ ಮತ್ತೆ ಬೆರಳು ಅದ್ದಿ, ಹದವಾಯಿತು ಎಂದು ತಲೆಯಾಡಿಸಿದ. ಇಪ್ಪತ್ತೆಂಟು ವರ್ಷದ ರೂಢಿ ಒಂದು ಸಾವಿಗೆಲ್ಲ ಬಿಟ್ಟುಹೋಗುವಂಥದ್ದಲ್ಲ.

ಮಲಗಿದ್ದವನು ಅವನ ಒಡಹುಟ್ಟಿದ ಅಣ್ಣನೇನೂ ಅಲ್ಲ. ಬಸ್ ನಿಲ್ದಾಣದ ಎದುರಿನ ಕಟಿಂಗ್ ಶಾಪಿನ ಮಾಲೀಕ, ಅಲ್ಲಿಯ ಮೊದಲನೇ ಕುರ್ಚಿಯವನು. ಬಾಯಿಗೆ ಬಿಡುವೇ ಇಲ್ಲದವನಾದ್ದರಿಂದ ಗಿರಾಕಿಗಳು ಅವನಿಗೆ 'ರೇಡಿಯೋ' ಎಂದು ಹೆಸರಿಟ್ಟಿದ್ದರು. ಪಕ್ಕದಲ್ಲಿ ನಿಂತು ತುಟಿ ಬಿಚ್ಚದೆ ಕೆಲಸ ಮಾಡುವ ಇವನಿಗೆ ಹೆಸರಿಡಲು ಅಷ್ಟು ಶ್ರಮಪಡಲಿಲ್ಲ. 'ಎರಡನೇ ಕುರ್ಚಿ' ಎಂದು ಸುಮ್ಮನಾದರು. ಇವನಿಗೆ ಮಾತ್ರ ಅವನು ಅಣ್ಣ, ಅವನ ಹೆಂಡತಿ ಅತ್ತಿಗೆ.

ಸ್ಮಶಾನಕ್ಕೆ ಒಯ್ಯುವ ಗಾಡಿ ಹನ್ನೊಂದಕ್ಕೆ ಬರುತ್ತದೆಂದು ಹೇಳಿದ್ದರು. ಅಷ್ಟರೊಳಗೆ ಅವನಿಗೆ ಎರಡು ಕೆಲಸ ಮುಗಿಯಬೇಕಿತ್ತು. ಒಂದು ಈ ಗಡ್ಡ. ಇನ್ನೊಂದು, ಮೂರು ವರ್ಷದಿಂದ ಗಂಟಲಲ್ಲಿ ಬಿಸಿತುಪ್ಪದಂತೆ ನಿಂತಿದ್ದ ಒಂದು ಮಾತನ್ನು ಅತ್ತಿಗೆಗೆ ಹೇಳಿಬಿಡುವುದು, ಅದೂ ಅಣ್ಣನ ಎದುರಿಗೇ. ಅಣ್ಣ ಹೊರಟುಹೋದ ಮೇಲೆ ಹೇಳಿದರೆ ಅದು ಬೆನ್ನ ಹಿಂದೆ ಆಡಿದ ಮಾತಾಗುತ್ತದೆ ಎಂದು ಅವನಿಗೆ ರಾತ್ರಿಯಿಡೀ ಅನ್ನಿಸಿತ್ತು.

ಎಡಗೆನ್ನೆಗೆ ನೊರೆ ಹಚ್ಚಿದ. ಬಲಗೆನ್ನೆಗೂ ಹಚ್ಚಿದ. ಅಲ್ಲಿ ಕತ್ತಿಗೆ ಕೆಲಸವೇ ಇರಲಿಲ್ಲ. ಅಂಗೈಯಗಲದ ಬೇರೆ ಬಣ್ಣದ ಚರ್ಮ, ಸುತ್ತಲೂ ಹೊಲಿಗೆಯ ಗೆರೆ. ಕೆಳಗೆ ಕತ್ತಿನ ಬದಿಯಲ್ಲಿ ಹಗ್ಗದಂಥ ಒಂದು ಉಬ್ಬು ಕೊರಳೆಲುಬನ್ನು ಹಾಯ್ದು ಎದೆಗೆ ಇಳಿದಿತ್ತು. ಆದರೂ ಒಂದೇ ಕೆನ್ನೆಗೆ ನೊರೆ ಹಚ್ಚಿ ಬಿಡುವುದು ಅವನಿಂದಾಗಲಿಲ್ಲ.

"ಆ ಕಡೆ ಮೇಲೊಂದು ಬಟ್ಟೆ ಹಾಕಿಬಿಡ್ರೋ," ಎಂದಳು ಬಾಗಿಲ ಬಳಿ ಕೂತಿದ್ದ ಅಕ್ಕ. ಸತ್ತವನ ಸ್ವಂತ ಅಕ್ಕ, ಬೆಳಿಗ್ಗೆಯ ಮೊದಲ ಬಸ್ಸಿಗೆ ಬಂದವಳು. ಬರುವಾಗ ಹಳೆಯ ಫೋಟೋ ಒಂದನ್ನು ತಂದು ತಲೆದೆಸೆಗೆ ಒರಗಿಸಿದ್ದಳು. ಅದರಲ್ಲಿ ಅಣ್ಣ ಎರಡೂ ಕೆನ್ನೆ ತುಂಬ ನಗುತ್ತಿದ್ದ. "ಬಂದವ್ರು ನೋಡಿ ಏನಂದ್ಕೋತಾರೆ? ನನ್ನ ತಮ್ಮ ಹೀಗಿರ್ಲಿಲ್ಲ."

"ಮೂರು ವರ್ಷ ಕರ್ಚೀಫಿನ ಹಿಂದೇನೇ ಇದ್ರು, ಅಕ್ಕ," ಎಂದಳು ಅತ್ತಿಗೆ. "ಇವತ್ತಾದ್ರೂ ಸ್ವಲ್ಪ ಗಾಳಿ ಆಡ್ಲಿ ಬಿಡಿ."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಹೊರಗೆ ಜಗಲಿಯ ಮೇಲೆ ಹಳೆಯ ಗಿರಾಕಿಗಳು ಸೇರಿದ್ದರು. ಅವರಲ್ಲೆಲ್ಲ ದೊಡ್ಡ ದನಿ ನಿವೃತ್ತ ಮೇಷ್ಟ್ರದು. ಪಾಠ ಹೇಳುವುದು ನಿಲ್ಲಿಸಿ ಹತ್ತು ವರ್ಷವಾದರೂ ದನಿ ಇನ್ನೂ ಕೊನೆಯ ಬೆಂಚಿಗೆ ಕೇಳಿಸುವಂತೆಯೇ ಇತ್ತು.

"ನಾನು ಕಣ್ಣಾರೆ ಕಂಡಿದ್ದು ಕಣ್ರೀ. ಗಡ್ಡಕ್ಕೆ ಕೂತಿದ್ದೋನು ಬಸ್ ಬಂತು ಅಂತ ಅರ್ಧ ಗಡ್ಡದಲ್ಲೇ ಎದ್ದು ಓಡ್ದ. ಕಥೆ ಮುಗಿದಿರ್ಲಿಲ್ಲ ನೋಡಿ, ನಮ್ಮ ರೇಡಿಯೋ ಕೈಲಿ ಕತ್ತಿ ಹಿಡ್ಕೊಂಡೇ ಬಸ್ಸಿನ ಹಿಂದೆ ಓಡ್ದ! ನಿಲ್ದಾಣದಲ್ಲಿದ್ದೋರೆಲ್ಲ ಕೊಲೆ ಕೊಲೆ ಅಂತ ಚೆಲ್ಲಾಪಿಲ್ಲಿ."

ಯಾರೋ ನಕ್ಕರು. ನಕ್ಕಿದ್ದಕ್ಕೆ ನಾಚಿ ಕೆಮ್ಮಿದರು. ಮೇಷ್ಟ್ರು ಒಳಗೆ ಇಣುಕಿ, ಮುಖ ನೋಡಿ, ದನಿ ತಗ್ಗಿಸಿದರು.

"ಅಲ್ಲಾ ತಾಯಿ, ಈ ಕಾಯ್ಲೆ ಮೊದ್ಲು ಯಾರಿಗೆ ಗೊತ್ತಾಗಿದ್ದು?"

"ಹಲ್ಲಿನ ಡಾಕ್ಟ್ರಿಗೆ," ಎಂದಳು ಅಕ್ಕ. "ಅಷ್ಟೊತ್ತಿಗೆ ಎಲ್ಲ ಮೀರಿತ್ತು. ಆರು ತಿಂಗ್ಳು ಮುಂಚೆ ಬಂದಿದ್ರೆ ಒಂದು ಚೂರು ಕೊಯ್ದು ಕಳಿಸ್ತಿದ್ವಿ ಅಂದ್ರಂತೆ. ಹೇಳೋರು ಯಾರಿದ್ರು ಹೇಳಿ. ಬಾಯೊಳಗಿಂದು ಬೇರೆಯೋರಿಗೆ ಹೇಗೆ ಕಾಣುತ್ತೆ?"

ಕತ್ತಿ ಕೆನ್ನೆಯ ಮೇಲೆ ನಿಂತಿತು. ಎರಡನೇ ಕುರ್ಚಿ ಅದನ್ನು ಟವೆಲಿಗೆ ಒರೆಸಿದ, ಒರೆಸುವುದಕ್ಕೆ ಅದರಲ್ಲಿ ಏನೂ ಇಲ್ಲದಿದ್ದರೂ.

*

ಎರಡನೇ ಕುರ್ಚಿ ಅಂಗಡಿಗೆ ಸೇರಿ ಆಗ ಇನ್ನೂ ಎರಡು ತಿಂಗಳಾಗಿರಲಿಲ್ಲ. ಮದುವೆಗೆ ಹೊರಟ ಗಂಡೊಬ್ಬ ಕಟಿಂಗಿಗೆ ಕೂತಿದ್ದ. ಬಾಚಣಿಗೆ ಎತ್ತಿದರೆ ನೆತ್ತಿಯಲ್ಲಿ ನಾಣ್ಯದಗಲ ಬೋಳು. "ಇಲ್ಲೊಂದು ಚೂರು ಕೂದ್ಲಿಲ್ಲವಲ್ಲ ಸಾರ್," ಎಂದುಬಿಟ್ಟ. ಪಕ್ಕದ ಬೆಂಚಿನಲ್ಲಿ ಕೂತು ಪೇಪರ್ ಓದುತ್ತಿದ್ದವನು ಹೆಣ್ಣಿನ ತಂದೆ.

ಮದುವೆಯೇನೋ ಆಯಿತು. ಆದರೆ ಅಣ್ಣ ಇವನ ಕೈಯಿಂದ ಕತ್ತರಿ ಕಿತ್ತುಕೊಂಡು ಎಂಟು ದಿನ ಬರೀ ಟವೆಲು ಒಗೆಸಿದ. ಒಂಬತ್ತನೇ ದಿನ ಕತ್ತರಿ ವಾಪಸು ಕೊಡುತ್ತ ಹೇಳಿದ:

"ಲೋ, ನಮ್ಮ ಕೈಗೆ ಕೊರಳು ಕೊಟ್ಟು ಕಣ್ಮುಚ್ಚಿ ಕೂರ್ತಾರೆ. ಹೆಂಡತಿ ಎದುರಿಗೂ ಅಷ್ಟು ನಂಬಿ ಕೂರಲ್ಲ. ಅವ್ರ ತಲೇಲಿ ಏನಿದೆ, ಕಿವಿ ಹಿಂದೆ ಏನಿದೆ, ಗದ್ದದ ಕೆಳಗೆ ಏನಿದೆ, ಎಲ್ಲ ನಿನಗೆ ಕಾಣುತ್ತೆ. ಕಾಣ್ಲಿ. ಕತ್ತಿಗೆ ಕಣ್ಣುಂಟು, ಬಾಯಿಲ್ಲ. ಏನಾದ್ರೂ ಸಿಕ್ರೆ ಸುತ್ತುಹಾಕ್ಕೊಂಡು ಹೋಗ್ತಾ ಇರು."

ದಿನವಿಡೀ ವಟವಟ ಎನ್ನುತ್ತಿದ್ದ ಅಣ್ಣ ಆ ವಿಷಯದಲ್ಲಿ ಮಾತ್ರ ಕಲ್ಲು. ಊರಿನ ಅರ್ಧ ಗಂಡಸರ ಗುಟ್ಟುಗಳು ಅವನ ಬೆರಳಲ್ಲಿದ್ದವು. ಒಂದೂ ನಾಲಿಗೆಗೆ ಏರಲಿಲ್ಲ.

ತನ್ನ ತಲೆಯನ್ನು ತಾನೇ ಬೋಳಿಸಿಕೊಳ್ಳುವ ವಿದ್ಯೆ ಯಾವ ಕ್ಷೌರದವನಿಗೂ ಇಲ್ಲ. ವಾರದ ರಜೆಯ ಹಿಂದಿನ ಸಂಜೆ, ಕೊನೆಯ ಗಿರಾಕಿ ಎದ್ದ ಮೇಲೆ, ಅವರಿಬ್ಬರೂ ಒಬ್ಬರಿಗೊಬ್ಬರು ಗಡ್ಡ ತೆಗೆಯುತ್ತಿದ್ದರು. ಅಂಥ ಒಂದು ಸಂಜೆ ಅಣ್ಣನ ಬಲಗೆನ್ನೆಯನ್ನು ಹೆಬ್ಬೆರಳಿನಿಂದ ಎಳೆದು ಹಿಡಿದಾಗ, ಒಳಗೆ ಗಟ್ಟಿಯಾದದ್ದೇನೋ ತಾಗಿತು. ಕಡಲೆಕಾಳಿನಷ್ಟು. ಅಣ್ಣ ಬೆಳಿಗ್ಗೆಯಿಂದ ಸಂಜೆಯವರೆಗೆ ತಂಬಾಕಿನ ಚಿಟಿಕೆ ಇಟ್ಟುಕೊಳ್ಳುತ್ತಿದ್ದುದು ಅದೇ ಕೆನ್ನೆಯಲ್ಲಿ.

ಮಾತು ಬಾಯಿವರೆಗೆ ಬಂತು. ಅಣ್ಣ ಕಣ್ಣು ಮುಚ್ಚಿ, ಕೊರಳು ಕೊಟ್ಟು ಮಲಗಿದ್ದ. ಕತ್ತಿ ಸುತ್ತುಹಾಕಿಕೊಂಡು ಹೋಯಿತು.

ಮುಂದಿನ ವಾರವೂ ಹೋಯಿತು. ಅದರ ಮುಂದಿನ ವಾರವೂ. ಪಾಠ ಹೇಳಿಕೊಟ್ಟವನಿಗೇ ಪಾಠ ಮುರಿದು ತೋರಿಸುವುದು ಹೇಗೆ ಎಂದುಕೊಂಡ. ಅದು ಅರ್ಧ ನಿಜ. ಉಳಿದರ್ಧ ಬರೀ ಹೆದರಿಕೆ: ಹೇಳದಿದ್ದರೆ ಅದು ಬೆರಳಿಗೆ ಸಿಕ್ಕ ಒಂದು ಗಂಟು, ಹೇಳಿದರೆ ಅದಕ್ಕೊಂದು ಹೆಸರು ಬರುತ್ತದೆ. ಏಳು ತಿಂಗಳಲ್ಲಿ ಕಡಲೆಕಾಳು ಗೋಲಿಯಾಯಿತು. ಆಮೇಲೊಂದು ದಿನ ಅಣ್ಣ ಹಲ್ಲುನೋವೆಂದು ಹಲ್ಲಿನ ಡಾಕ್ಟರ ಹತ್ತಿರ ಹೋದ.

*

"ಚೆನ್ನಾಗಿ ಮಾಡ್ದೆ ಕಣಪ್ಪಾ," ಎಂದರು ಮೇಷ್ಟ್ರು ಒಳಗೆ ಬಂದು, ಎಡಗೆನ್ನೆಯ ನುಣುಪನ್ನು ನೋಡುತ್ತ. "ಅವ್ನಿಗೇ ಮಾಡಿದ ಹಾಗಿದೆ."

ಅಣ್ಣನಿಗೇ ಮಾಡಿದ್ದಲ್ಲವೇ? ಆದರೆ ಮೇಷ್ಟ್ರು ಹೇಳಿದ್ದು ಅವನಿಗೆ ಅರ್ಥವಾಯಿತು. ಅಕ್ಕ ತಂದ ಫೋಟೋದ ಪಕ್ಕದಲ್ಲಿ ಈ ಮುಖ ಯಾರದೋ ಆಗಿಬಿಟ್ಟಿತ್ತು.

"ಆಪರೇಷನ್ ಮಾಡಿಸ್ಲೇಬಾರ್ದಿತ್ತು," ಎಂದಳು ಅಕ್ಕ. "ಆ ಮುಖ, ಆ ಮಾತು, ಎಲ್ಲ ಹೋಯ್ತು. ಉಳಿದಿದ್ದೇನು?"

"ಮೂರು ವರ್ಷ ಉಳೀತು ಅಕ್ಕ," ಎಂದಳು ಅತ್ತಿಗೆ.

*

ದೊಡ್ಡಾಸ್ಪತ್ರೆಯ ಡಾಕ್ಟರು ಒಂದು ಹಾಳೆಯ ಹಿಂದೆ ಪೆನ್ನಿನಿಂದ ಮುಖ ಬರೆದು ತೋರಿಸಿದ್ದರು. ಕೆನ್ನೆ ತೆಗೆಯುತ್ತೇವೆ, ದವಡೆಯ ಮೂಳೆಯಲ್ಲಿ ಇಷ್ಟು ತೆಗೆಯುತ್ತೇವೆ, ಕತ್ತಿನ ಗಂಟುಗಳನ್ನು ತೆಗೆಯುತ್ತೇವೆ. ಅಲ್ಲಿ ದೊಡ್ಡ ಗುಂಡಿ ಬೀಳುತ್ತದೆ. ಅದನ್ನು ಮುಚ್ಚಲು ಎದೆಯ ಚರ್ಮ, ಮಾಂಸವನ್ನು ರಕ್ತನಾಳದ ಸಮೇತ ಎತ್ತಿ, ಕೊರಳೆಲುಬಿನ ಮೇಲಿಂದ ತಿರುಗಿಸಿ ತರುತ್ತೇವೆ. ಬಾಯೊಳಗೊಂದು ಪದರ, ಹೊರಗೊಂದು ಪದರ.

"ಗೊತ್ತಾಯ್ತು ಬಿಡಿ ಡಾಕ್ಟ್ರೇ," ಎಂದ ಅಣ್ಣ. "ನಮ್ಮ ಮೊದಲನೇ ಕುರ್ಚಿ ಸೀಟು ಹರಿದಾಗ ಬೆನ್ನಿನ ರೆಕ್ಸಿನ್ ಕಿತ್ತು ತೇಪೆ ಹಾಕಿದ್ವಿ. ಕೂರೋಕೆ ಏನೂ ತೊಂದ್ರೆ ಇಲ್ಲ. ಹಿಂದೆ ಒರಗೋರಿಗೆ ಮಾತ್ರ ಸ್ವಲ್ಪ ಚುಚ್ಚುತ್ತೆ."

ಡಾಕ್ಟರು ನಕ್ಕರು. ಅಣ್ಣನ ಬಾಯಿಂದ ಅಕ್ಷರ ತಪ್ಪದೆ ಬಂದ ಕೊನೆಯ ತಮಾಷೆ ಅದು.

ಆಪರೇಷನ್ನಿಗೆ ಹನ್ನೊಂದು ಗಂಟೆ ಹಿಡಿಯಿತು. ಹತ್ತನೇ ದಿನ ಪಟ್ಟಿ ಬಿಚ್ಚಿದ ಮೇಲೆ ಅಣ್ಣ ಸನ್ನೆಯಲ್ಲಿ ಕನ್ನಡಿ ಕೇಳಿದ. ಎರಡನೇ ಕುರ್ಚಿ ಅಂಗಡಿಯ ಕೈಗನ್ನಡಿಯನ್ನೇ ತಂದಿದ್ದ. ಗಿರಾಕಿಗೆ ಹಿಂದಲೆ ತೋರಿಸುವಂತೆ ಸ್ವಲ್ಪ ಓರೆಯಾಗಿ ಹಿಡಿದ. ಅಣ್ಣ ಬಹಳ ಹೊತ್ತು ನೋಡಿದ, ಬೇರೆ ಅಂಗಡಿಯವನು ಮಾಡಿದ ಕೆಲಸವನ್ನು ನೋಡುವ ಹಾಗೆ. ಆಮೇಲೆ ಮಾತಿನ ಬದಲಿಗೆಂದು ಕೊಟ್ಟಿದ್ದ ಸ್ಲೇಟು ತೆಗೆದುಕೊಂಡು ಬರೆದ: 'ಹೊಲಿಗೆ ನೀಟಾಗಿದೆ.'

ಅದನ್ನು ಅಳಿಸಿ ಇನ್ನೊಂದು ಬರೆದ: 'ನಿನಗೂ ಗೊತ್ತಾಗಲಿಲ್ಲ, ಅಲ್ವಾ?'

"ಇಲ್ಲಣ್ಣ," ಎಂದ ಅವನು. "ಗೊತ್ತಾಗ್ಲಿಲ್ಲ."

ಅಣ್ಣ ತಲೆಯಾಡಿಸಿದ. ಅಂಗೈಯಿಂದ ಸ್ಲೇಟು ಒರೆಸಿದ. ಮತ್ತೆಂದೂ ಆ ಮಾತು ಎತ್ತಲಿಲ್ಲ.

*

ನಾಲ್ಕು ತಿಂಗಳ ಮೇಲೆ ಅಣ್ಣ ಅಂಗಡಿಗೆ ಬಂದು ಮೊದಲನೇ ಕುರ್ಚಿಯ ಹಿಂದೆ ನಿಂತ. ಗಿರಾಕಿಗಳು ಬಂದರು, ಕೈ ಹಿಡಿದು ಕುಶಲ ಕೇಳಿದರು, ಬೆಂಚಿನ ಮೇಲೆ ಕೂತು ಪೇಪರ್ ಬಿಡಿಸಿದರು. ಮೊದಲನೇ ಕುರ್ಚಿ ಖಾಲಿ, ಎರಡನೇ ಕುರ್ಚಿಗೆ ನಾಲ್ಕು ಜನ ಕಾಯುತ್ತಿದ್ದಾರೆ. "ನಂಗೇನೂ ಅವಸರ ಇಲ್ಲ," ಎನ್ನುತ್ತಿದ್ದರು. ಊರಿನವರಿಗೆ ಅಷ್ಟೊಂದು ತಾಳ್ಮೆ ಇರುವುದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ.

ತಪ್ಪು ಅವರದೂ ಅಲ್ಲ. ಅಣ್ಣನ ತುಟಿಯ ತುದಿಯಿಂದ ಜೊಲ್ಲು ಇಳಿಯುತ್ತಿತ್ತು, ಕರ್ಚೀಫು ಕೆನ್ನೆ ಬಿಟ್ಟು ಕದಲುತ್ತಿರಲಿಲ್ಲ. ಆಡಿದ ಮಾತು ಬಾಯೊಳಗೇ ಉರುಳಾಡಿ ಬೇರೇನೋ ಆಗಿ ಬರುತ್ತಿತ್ತು. ಮೇಷ್ಟ್ರು ಒಬ್ಬರು ಮಾತ್ರ ಹೋಗಿ ಕೂತರು. ಅವರೂ ಎದುರಿನ ಕನ್ನಡಿ ನೋಡದೆ, ಕೂತಷ್ಟು ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು. ಕೊನೆಗೆ ಅಣ್ಣ ಕತ್ತರಿಗಳಿಗೆ ಸಾಣೆ ಹಿಡಿಯುವುದು, ಟವೆಲು ಮಡಿಸುವುದು, ಇಷ್ಟಕ್ಕೆ ಬಂದು ನಿಂತ. ಇವನು ಗಿರಾಕಿಯ ಕೊರಳ ಮೇಲೆ ಬಗ್ಗಿರುವಾಗ ಹಿಂದಿನಿಂದ ಸಾಣೆಯ ಸದ್ದು ಬರುತ್ತಿತ್ತು. ಏನು ಮಾಡಬೇಕೆಂದು ತೋಚುತ್ತಿರಲಿಲ್ಲ. 'ಆ ಕುರ್ಚಿಗೆ ಹೋಗಿ' ಎಂದು ಜನರನ್ನು ದಬ್ಬಲಾಗುತ್ತದೆಯೇ?

ಇಷ್ಟು ಸಾಲದೆಂಬಂತೆ ಕೂದಲು ಬೆಳೆಯಿತು. ಎದೆಯ ಚರ್ಮ ಬಾಯೊಳಗೆ ಹೋದರೂ ತಾನು ಎದೆಯೆಂಬುದನ್ನು ಮರೆತಿರಲಿಲ್ಲ. ವಿಕಿರಣ ಚಿಕಿತ್ಸೆ ಕೊಟ್ಟ ಮೇಲೆ ಉದುರುತ್ತದೆ ಎಂದಿದ್ದರು. ಹೊರಗಿನದು ಉದುರಿತು, ಒಳಗಿನ ಒಂದು ಅಂಚಿನಲ್ಲಿ ಮಾತ್ರ ಹಟ ಹಿಡಿದು ಬೆಳೆಯಿತು. ತಿಂದದ್ದು ಅದಕ್ಕೆ ಅಂಟುತ್ತಿತ್ತು, ನಾಲಿಗೆಗೆ ತಾಗಿ ಓಕರಿಕೆ ಬರುತ್ತಿತ್ತು. 'ಬೇಕಾದ ಕಡೆ ಬೋಳು, ಬೇಡದ ಕಡೆ ಗಡ್ಡ' ಎಂದು ಅಣ್ಣ ಸ್ಲೇಟಿನಲ್ಲಿ ಬರೆದು, ತಾನೇ ಒಂದು ಕೆನ್ನೆಯಲ್ಲಿ ನಕ್ಕ.

ಹೀಗಾಗಿ ಹದಿನೈದು ದಿನಕ್ಕೊಮ್ಮೆ, ರಜೆಯ ಬೆಳಿಗ್ಗೆ, ಅಣ್ಣನ ಮನೆಯ ಕಿಟಕಿಯ ಬಳಿ ಆ ಕೆಲಸ. ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಅತ್ತಿಗೆ ಟಾರ್ಚು ಹಿಡಿಯುವಳು. ಅವನು ಮೀಸೆಯ ಸಣ್ಣ ಕತ್ತರಿಯನ್ನು ಕುದಿವ ನೀರಲ್ಲಿ ಅದ್ದಿ ತೆಗೆದು, ಉಸಿರು ಬಿಗಿಹಿಡಿದು ಒಂದೊಂದೇ ಎಳೆ ಕತ್ತರಿಸುವನು. ಅಣ್ಣ ಹಳೆಯ ಗಿರಾಕಿಗಳಂತೆ ಕಣ್ಣು ಮುಚ್ಚಿ ಕೂರುವನು. ಇಷ್ಟು ನಂಬಿ ಕೂರುವವನ ಮುಖ ನೋಡುತ್ತ, 'ಅಣ್ಣ, ನನಗೆ ಗೊತ್ತಿತ್ತು' ಎಂದು ಹೇಳಲು ಪ್ರತಿ ಸಲವೂ ಹೊರಡುವನು. ಪ್ರತಿ ಸಲವೂ ಕತ್ತರಿ ತೊಳೆದು ಎದ್ದು ಬರುವನು.

ಮೂರು ತಿಂಗಳ ಹಿಂದೆ, ಟಾರ್ಚಿನ ಬೆಳಕಲ್ಲಿ, ಹೊಲಿಗೆಯ ಒಳಗಿನ ಅಂಚಿನ ಮೇಲೆ ಅಕ್ಕಿಕಾಳಿನಷ್ಟು ಒಂದು ಹುಣ್ಣು ಕಂಡಿತು. ಈ ಸಲ ಅವನು ತಡಮಾಡಲಿಲ್ಲ.

"ಅಣ್ಣ, ಇಲ್ಲೇನೋ ಇದೆ. ಹೋದ ಸಲ ಇರ್ಲಿಲ್ಲ. ನಾಳೇನೇ ಹೋಗೋಣ."

ಅಣ್ಣ ಕಣ್ಣು ತೆರೆದ. ಅವನನ್ನು ಒಂದು ನಿಮಿಷ ನೋಡಿ, ಸ್ಲೇಟಿಗೆ ಕೈ ಚಾಚಿದ. 'ಕತ್ತಿಗೆ ಬಾಯಿ ಬಂತಲ್ಲೋ.'

ಮರುದಿನವೇ ಹೋದರು. ಡಾಕ್ಟರು ಸ್ಕ್ಯಾನು ನೋಡಿದರು. ಬೇಗ ತಂದಿರಿ, ಆದರೆ ಒಳಗೆ ಕತ್ತಿನ ದೊಡ್ಡ ರಕ್ತನಾಳವನ್ನು ಸುತ್ತಿಕೊಂಡಿದೆ, ಮತ್ತೆ ಕೊಯ್ಯುವ ಹಾಗಿಲ್ಲ ಎಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಅವನು ಕೂತುಬಿಟ್ಟ. ಹೇಳದೆ ಇದ್ದಾಗಲೂ ಹೀಗಾಯಿತು, ಹೇಳಿದಾಗಲೂ ಹೀಗೇ ಆಯಿತು. ಅಣ್ಣನೇ ಅವನ ತೋಳು ಹಿಡಿದು ಎಬ್ಬಿಸಿದ.

*

ಗಾಡಿ ತಿರುವಿನಲ್ಲಿ ಸಿಕ್ಕಿಕೊಂಡಿದೆ ಎಂದು ಯಾರೋ ಕೂಗಿದರು. ಅಕ್ಕ ಎದ್ದು ಹೋದಳು, ಮೇಷ್ಟ್ರು "ಹಿಂದಕ್ಕೆ ತಗೊಳ್ರೀ, ಹಿಂದಕ್ಕೆ" ಎನ್ನುತ್ತ ರಸ್ತೆಗಿಳಿದರು. ಕೋಣೆಯಲ್ಲಿ ಅತ್ತಿಗೆ, ಅವನು, ಅಣ್ಣ ಮೂವರೇ ಉಳಿದರು. ಅವನು ಒದ್ದೆ ಬಟ್ಟೆಯಿಂದ ನೊರೆಯ ಉಳಿಕೆ ಒರೆಸುತ್ತಿದ್ದ.

"ಅತ್ತಿಗೆ, ಒಂದು ಮಾತು ಹೇಳ್ಬೇಕು."

ಅವಳು ಟವೆಲು ಮಡಿಸುತ್ತಿದ್ದಳು.

"ಆ ಗಂಟು... ಹಲ್ಲಿನ ಡಾಕ್ಟ್ರಿಗಿಂತ ಏಳು ತಿಂಗ್ಳು ಮುಂಚೆ ನನ್ನ ಬೆರಳಿಗೆ ಸಿಕ್ಕಿತ್ತು. ಪ್ರತಿ ವಾರ ಸಿಗ್ತಿತ್ತು. ನಾನು ಹೇಳ್ಲಿಲ್ಲ. ಆಸ್ಪತ್ರೇಲಿ ಅಣ್ಣ ಕೇಳ್ದಾಗ್ಲೂ ಸುಳ್ಳು ಹೇಳ್ದೆ."

ಅತ್ತಿಗೆ ಮಡಿಸಿದ ಟವೆಲನ್ನು ಬಿಚ್ಚಿ ಮತ್ತೆ ಮಡಿಸಿದಳು.

"ಅವ್ರಿಗೆ ಗೊತ್ತಿತ್ತು," ಎಂದಳು.

"ಏನು?"

"ನಿನ್ನ ಕತ್ತಿ ಆ ಜಾಗಕ್ಕೆ ಬಂದಾಗ ಸುತ್ತುಹಾಕ್ತಿತ್ತಂತೆ. ತಿಂಗಳ ಹಿಂದೆ ಬರೆದು ತೋರಿಸಿದ್ರು ನಂಗೆ. 'ಅವ್ನು ಸುತ್ತುಹಾಕಿದ ಮೊದಲ ದಿನಾನೇ ಗೊತ್ತಾಯ್ತು, ಕೇಳಿದ್ರೆ ಅವ್ನು ಹೇಳಿಬಿಡ್ತಾನಲ್ಲಾ ಅಂತ ಕೇಳೋಕೆ ಧೈರ್ಯ ಬರ್ಲಿಲ್ಲ' ಅಂತ."

ಅವನ ಎದೆಯಿಂದ ಏನೋ ಇಳಿದಂತಾಯಿತು. ಇಳಿದದ್ದು ಎಲ್ಲಿ ಹೋಗಿ ಕೂತಿತು ಎಂಬುದು ಮರುಕ್ಷಣವೇ ಕಂಡಿತು. ಅತ್ತಿಗೆ ಟವೆಲನ್ನು ಹಾಗೇ ಕೆಳಗಿಟ್ಟು ಅವನ ಕಡೆ ತಿರುಗಿದಳು.

"ಅವ್ರಿಗೂ ಗೊತ್ತು. ನಿನಗೂ ಗೊತ್ತು. ಆ ಏಳು ತಿಂಗ್ಳು ಈ ಮನೇಲಿ ಅಡಿಗೆ ಮಾಡಿ ಬಡಿಸ್ದೋಳು ನಾನು. ಬಿಸಿ ಬೇಡ ಅಂತಿದ್ರು, ಖಾರ ಬೇಡ ಅಂತಿದ್ರು, ಅರ್ಧಕ್ಕೇ ಏಳ್ತಿದ್ರು. ನನ್ನ ಕೈರುಚಿ ಕೆಟ್ಟಿದೆ ಅಂದ್ಕೊಂಡು ದಿನಾ ಬೇರೆ ಬೇರೆ ಮಾಡ್ತಿದ್ದೆ ಕಣೋ. ನಂಗೊಬ್ಳಿಗೆ ನೀವಿಬ್ರೂ ಹೇಳ್ಲಿಲ್ಲ."

ಆ ಮಾತನ್ನು ಆಗಲೇ ಅತ್ತಿಗೆಗೂ ಹೇಳಬೇಕಿತ್ತು ಎಂದು ಮೂರು ವರ್ಷದಲ್ಲಿ ಒಮ್ಮೆಯೂ ಅವನಿಗೆ ಹೊಳೆದಿರಲಿಲ್ಲ. ಕ್ಷಮಿಸಿ ಎಂದರೆ ಅದೆಷ್ಟು ಸಣ್ಣ ಮಾತು.

ಹೊರಗೆ ಗಾಡಿಯ ಹಾರನ್ನು ಕೇಳಿಸಿತು.

ಅತ್ತಿಗೆ ಕಣ್ಣು ಒರೆಸಿಕೊಂಡು, ಕಿಟಕಿಯ ಗೂಡಿನಿಂದ ಟಾರ್ಚು ತೆಗೆದುಕೊಂಡಳು. "ಒಳಗಿನದು ಬಾಕಿ ಇದೆ. ಮೊನ್ನೆ ಆಗ್ಬೇಕಿತ್ತು, ನೋವು ಅಂತ ಬಿಟ್ವಿ. ತೆಗೆದುಬಿಡು. ಅದನ್ನ ಇಟ್ಕೊಂಡು ಹೋಗೋದು ಬೇಡ. ತುಂಬ ಹಿಂಸೆ ಪಡ್ತಿದ್ರು ಅದಕ್ಕೆ."

ಅವನು ಮೀಸೆಯ ಕತ್ತರಿಯನ್ನು ಬಿಸಿನೀರಿಗೆ ಅದ್ದಿದ. ನೀರು ಆರಿಹೋಗಿತ್ತು. ಅತ್ತಿಗೆ ಟಾರ್ಚು ಹೊತ್ತಿಸಿ, ಎಂದಿನ ಜಾಗದಲ್ಲಿ, ಎಂದಿನ ಓರೆಯಲ್ಲಿ ಹಿಡಿದಳು. ಅವನು ಗದ್ದಕ್ಕೆ ಹೆಬ್ಬೆರಳು ಕೊಟ್ಟು ಮೆಲ್ಲಗೆ ಒತ್ತಿದ. ಬಾಯಿ ತೆರೆಯಲಿಲ್ಲ. ಇನ್ನೊಂದು ಕೈ ಸೇರಿಸಿ ಒತ್ತಿದ. ಎರಡು ಬೆರಳಿಗಿರಲಿ, ಒಂದು ಕೂದಲಿಗೂ ಜಾಗ ಕೊಡಲಿಲ್ಲ.

"ಅಣ್ಣ," ಎಂದ ಅವನು, ಗಿರಾಕಿಗೆ ಹೇಳುವ ದನಿಯಲ್ಲಿ. "ಸ್ವಲ್ಪ ಬಾಯಿ."

ಟಾರ್ಚಿನ ಬೆಳಕು ಮುಚ್ಚಿದ ತುಟಿಯ ಮೇಲೆ ನಿಂತೇ ಇತ್ತು.

"ಬಿಡು," ಎಂದಳು ಅತ್ತಿಗೆ ಕೊನೆಗೆ. "ಜೋರು ಮಾಡ್ಬೇಡ. ನೋವಾಗುತ್ತೆ."

ಅಷ್ಟರಲ್ಲಿ ಜನ ಒಳಗೆ ಬಂದರು. ಮೇಷ್ಟ್ರು ಯಾರು ತಲೆಯ ಕಡೆ, ಯಾರು ಕಾಲ ಕಡೆ ಎಂದು ಹೇಳಿದರು. ಎರಡನೇ ಕುರ್ಚಿಗೆ ಬಲಭುಜ ಬಂತು. ಅಕ್ಕ ಫೋಟೋ ಎತ್ತಿಕೊಂಡಳು. ಮೂರು ವರ್ಷದಲ್ಲಿ ಅಣ್ಣ ಎಷ್ಟು ಹಗುರವಾಗಿದ್ದ ಎಂಬುದು ಎತ್ತಿದ ಮೇಲೆಯೇ ಗೊತ್ತಾದದ್ದು.

ಗಾಡಿ ನಡಿಗೆಯ ವೇಗದಲ್ಲಿ ಹೊರಟಿತು. ಮುಚ್ಚಿದ ಅಂಗಡಿಯ ಮುಂದೆ ಒಂದು ಕ್ಷಣ ನಿಂತು ಮುಂದೆ ಹೋಯಿತು. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಎಲ್ಲರ ಮುಂದೆ ಅತ್ತಿಗೆ ನಡೆಯುತ್ತಿದ್ದಳು, ಅವಳ ಹಿಂದೆ ಎರಡು ಹೆಜ್ಜೆ ಬಿಟ್ಟು ಅವನು. ಬಸ್ ನಿಲ್ದಾಣದ ಉದ್ದನೆಯ ಗೋಡೆಯ ನೆರಳಿಗೆ ಬಂದಾಗ, ನೆಲದ ಮೇಲೆ ಹಳದಿಯ ಒಂದು ಸಣ್ಣ ವೃತ್ತ ತೂಗಾಡುತ್ತ ಬರುವುದು ಅವನಿಗೆ ಕಂಡಿತು. ಜೋತುಬಿದ್ದ ಅತ್ತಿಗೆಯ ಕೈಯಲ್ಲಿ ಟಾರ್ಚು ಇನ್ನೂ ಉರಿಯುತ್ತಿತ್ತು. ಅವಳಿಗೆ ಅದರ ಗಮನವಿರಲಿಲ್ಲ. ಬೇರೆ ಯಾರೂ ನೋಡಿರಲಿಲ್ಲ.

ಅವನು ಬಾಯಿ ತೆರೆದ. ಆಮೇಲೆ ಮುಚ್ಚಿದ. ವೃತ್ತ ಕಾಲಬುಡಕ್ಕೆ ಬಂದಾಗ, ಅದನ್ನು ತುಳಿಯದೆ, ಸುತ್ತುಹಾಕಿಕೊಂಡು ನಡೆದ.